ಕೈಗೆಳತಿ

ನನ್ನ ಅಂಗೈ ಕೆಂಪಾದಾಗ ನಾನು ಯಾರದನ್ನೂ ಕದ್ದಿರಲಿಲ್ಲ. ಅಂಬುಜಕ್ಕನ ಮದುವೆಯ ದಿನ, ಗಾಣದ ಮನೆಯ ನಡುಮನೆಯಲ್ಲಿ, ಊಟದ ಎರಡನೆಯ ಪಂಕ್ತಿ ಏಳುತ್ತಿದ್ದ ಹೊತ್ತಿನಲ್ಲಿ ಅದು ಆಯಿತು. ಎಲ್ಲರ ಹಾಗೆ ನಾನೂ ಎರಡೂ ಕೈ ಎತ್ತಿ ನಿಂತಿದ್ದೆ. ಅಂಗೈಯ ನಡುವೆ ಬಿಸಿ ಲೋಟ ಮುಟ್ಟಿದ ಹಾಗಾಯಿತು. ನೋಡಿದರೆ ಅಲ್ಲಿ ಒಂದು ಕೆಂಪು ಚುಕ್ಕೆ, ಕುಂಕುಮದ ಬೊಟ್ಟಿನಷ್ಟು. ನಾನು ನೋಡುತ್ತಿದ್ದ ಹಾಗೇ ಅದು ಹರಡತೊಡಗಿತು.

ನಮ್ಮೂರಿನಲ್ಲಿ ಇನ್ನೊಬ್ಬರದೆಂದು ಗೊತ್ತಿದ್ದೂ ಇಟ್ಟುಕೊಂಡರೆ, ಇಲ್ಲವೆ ಮುಚ್ಚಿಟ್ಟರೆ, ಕೈ ಹೀಗಾಗುತ್ತದೆ. ಅದು ಯಾರದೋ ಅವರಿಗೆ ಮುಟ್ಟಿದರೆ ಕೆಂಪು ಇಳಿಯುತ್ತದೆ. ಅಷ್ಟರೊಳಗೆ ಅವರು ತೀರಿಹೋದರೆ ಇಳಿಯುವುದೇ ಇಲ್ಲ. ಹಾಗಾಗಿ ನಮ್ಮಲ್ಲಿ ಬೀಗ ಮಾರುವ ಅಂಗಡಿಯಿಲ್ಲ. ಬಾಗಿಲಿಗೆ ಚಿಲಕ ಇರುವುದು ನಾಯಿ ನುಗ್ಗಬಾರದೆಂದು. ಎದುರಿಗೆ ಸಿಕ್ಕವರನ್ನು "ಕೈ ಹೇಗಿದೆ?" ಎಂದು ಕೇಳುತ್ತೇವೆ, ಅವರು "ಹುಟ್ಟಿದಾಗಿನ ಹಾಗಿದೆ" ಎನ್ನುತ್ತಾರೆ. ಉಳಿದ ಮಾತೆಲ್ಲ ಆಮೇಲೆ. ಬೀಟ್‌ರೂಟ್ ಹೆಚ್ಚುವವರು ಬೀದಿ ಬಾಗಿಲಲ್ಲಿ ಕೂತು ಎಲ್ಲರಿಗೂ ಕಾಣುವ ಹಾಗೆ ಹೆಚ್ಚುತ್ತಾರೆ. ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದರೆ ಏನೂ ಆಗುವುದಿಲ್ಲ. ಮನೆ ತಲುಪಿ, ಕಾಲು ನೋಡಿಕೊಂಡು, 'ಇರಲಿ ಬಿಡು, ನನ್ನದಕ್ಕಿಂತ ಹೊಸದಿದೆ' ಎಂದುಕೊಂಡ ಕ್ಷಣ ಆಗುತ್ತದೆ. ಮದುವೆಯ ಮಾರನೆಯ ದಿನ ಚಪ್ಪಲಿ ಕಂಕುಳಲ್ಲಿಟ್ಟುಕೊಂಡು, ಮುಷ್ಟಿ ಬಿಗಿಹಿಡಿದು ಓಡುವ ಗಂಡಸರನ್ನು ನೋಡಿ ಹೆಂಗಸರು ನಗುವುದು ವಾಡಿಕೆ.

ಮದರಂಗಿಯದು ಮಾತ್ರ ಕಷ್ಟ. ಮದುವಣಗಿತ್ತಿಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಹಾಕುವ ಹಾಗಿಲ್ಲ. ಹಾಕಿದ ಮೇಲೆ ಅವಳ ಕೈಯನ್ನು ಯಾರೂ ಓದಲಾರರು. ಆದ್ದರಿಂದ ಬಣ್ಣ ಮಾಸುವವರೆಗೆ ಅವಳು ಗಂಡನ ಕೈಯೊಂದನ್ನು ಬಿಟ್ಟು ಏನನ್ನೂ ಮುಟ್ಟುವ ಹಾಗಿಲ್ಲ. ಅವಳಿಗೆ ತಲೆ ಬಾಚುವುದು, ತುತ್ತು ಕೊಡುವುದು, ಸೆರಗು ಸರಿಮಾಡುವುದು, ಕೇಳಿದ್ದನ್ನು ತಂದುಕೊಡುವುದು ಎಲ್ಲ ಒಬ್ಬ ಹುಡುಗಿಯ ಕೆಲಸ. ಅವಳನ್ನು ಕೈಗೆಳತಿ ಎನ್ನುತ್ತಾರೆ. ಸಾಮಾನ್ಯವಾಗಿ ಚಿಕ್ಕಪ್ಪನ ಮಗಳೋ ಸೋದರತ್ತೆಯ ಮಗಳೋ ಆಗಿರುತ್ತಾಳೆ. ಕೈಗೆಳತಿಯಾದವಳಿಗೆ ಮುಂದಿನ ವರ್ಷವೇ ಒಳ್ಳೆಯ ಗಂಡು ಸಿಗುತ್ತಾನೆ ಎನ್ನುತ್ತಾರೆ. ಊರಿಗೆ ಊರೇ ಅವಳ ಕೈ ನೋಡಿ ಒಪ್ಪಿರುತ್ತದಲ್ಲ.

ನಮ್ಮವ್ವ ಚೌಡಮ್ಮ ಮದರಂಗಿ ಅರೆಯುವವಳು. ಅವಳ ಕೈ ಮುಂಗೈವರೆಗೆ ಇಟ್ಟಿಗೆಯ ಬಣ್ಣ. ಅವಳನ್ನು ಯಾರೂ ಹೊಸಿಲು ದಾಟಿಸುವುದಿಲ್ಲ. ಜಗಲಿಯ ಮೇಲೆ ಕೂರಿಸಿ, ನೀರನ್ನೂ ದೂರದಿಂದ ಹೊಯ್ಯುತ್ತಾರೆ. ಯಾರಾದರೂ ಮರೆತು "ಕೈ ಹೇಗಿದೆ ಚೌಡಮ್ಮ?" ಎಂದರೆ ಅವಳು ಸುಮ್ಮನೆ ನಗುತ್ತಾಳೆ. ನಾನು ಹುಟ್ಟುವ ಮೊದಲು ಅವಳು ಸೂಲಗಿತ್ತಿಯಾಗಿದ್ದಳಂತೆ. ಮುದುಕಿಯರು ಈಗಲೂ ಹೇಳುತ್ತಾರೆ, "ನಿಮ್ಮವ್ವನ ಕೈ ಅಂದ್ರೆ ಬೆಣ್ಣೆ. ಈ ಬೀದಿ ಅರ್ಧ ಆ ಕೈಯಲ್ಲೇ ಹುಟ್ಟಿದ್ದು. ನೀನು ಬಂದೆ, ಅವಳು ಆ ಕೆಲಸ ಬಿಟ್ಟು ಈ ಸೊಪ್ಪಿಗೆ ಕೂತಳು." ಚಿಕ್ಕ ಮಗು ಕಟ್ಟಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ಮಾಡಿಸಲು ಹೋಗುವುದು ಆಗಲಿಲ್ಲವೇನೋ ಎಂದು ನಾನಂದುಕೊಂಡಿದ್ದೆ.

ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವ್ವನ ಜೊತೆ ಆಟಕ್ಕೆ ಸೊಪ್ಪು ಅರೆದು ಶಾಲೆಗೆ ಹೋಗಿದ್ದೆ. ಅದೇ ದಿನ ಮೇಡಂ ಅವರ ಪೆನ್ನು ಕಾಣೆಯಾಯಿತು. ಕೈ ಎತ್ತಿ ಎಂದರು. ಬಿಳಿ ಅಂಗೈಗಳ ನಡುವೆ ನನ್ನದು. ಪೆನ್ನು ಅವರ ಚೀಲದ ಹರುಕಿನಲ್ಲಿ ಸಿಕ್ಕಿತು, ಆದರೆ ಅದು ಸಂಜೆ. ಅಷ್ಟು ಹೊತ್ತೂ ನಾನು ಬಾಗಿಲ ಹೊರಗೆ ನಿಂತಿದ್ದೆ. ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಅವ್ವ ಬೈಯಲಿಲ್ಲ. ಒರಳುಕಲ್ಲನ್ನು ನನ್ನಿಂದ ದೂರ ಸರಿಸಿ, "ಇನ್ನು ಇದನ್ನ ಮುಟ್ಟಿದ್ರೆ ನೋಡು. ನಿನ್ನ ಕೈ ಬೆಳ್ಳಗಿರ್ಬೇಕು," ಎಂದಳು. ಅಂದಿನಿಂದ ಅವಳು ಅರೆಯುತ್ತಾಳೆ, ನಾನು ಮನೆಗಳ ಒಳಗೆ ಹೋಗಿ ಹಾಕುತ್ತೇನೆ. ಬೆರಳಿಗೆ ಎಣ್ಣೆ ಸವರಿ, ಮೇಲೆ ಬಟ್ಟೆ ಸುತ್ತಿ, ತೆಂಗಿನ ಕಡ್ಡಿಯಲ್ಲಿ ಹಾಕುತ್ತೇನೆ. ಒಂದು ಹನಿಯೂ ತಾಗಿಸಿಕೊಳ್ಳುವುದಿಲ್ಲ. ನಮ್ಮಿಬ್ಬರ ಅನ್ನ ನನ್ನ ಬೆಳ್ಳನೆಯ ಕೈಯಲ್ಲಿತ್ತು. ನಾನು ಹೆಚ್ಚು ಮಾತಾಡುವವಳಲ್ಲ. ಬೇರೆಯವರ ಮನೆಯಲ್ಲಿ ತಲೆ ತಗ್ಗಿಸಿ ಕೂತಾಗ ಮಾತಿಗಿಂತ ಕಣ್ಣು ಹೆಚ್ಚು ಓಡುತ್ತದೆ. ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಸೀರೆ ಯಾರು ಉಟ್ಟಿದ್ದಾರೆ ಎಲ್ಲ ನನಗೆ ತಿಳಿಯುತ್ತಿತ್ತು.

ಅಂಬುಜಕ್ಕ ನನ್ನನ್ನು ಕೈಗೆಳತಿ ಮಾಡಿಕೊಳ್ಳುತ್ತೇನೆ ಎಂದಾಗ ಗಾಣದ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಯಾರೂ ನೋಡಲಿಲ್ಲ.

"ಮದರಂಗಿಯವರ ಹುಡುಗಿನಾ? ನಮ್ಮಲ್ಲಿ ಹೆಣ್ಣುಮಕ್ಕಳೇ ಇಲ್ವಾ?" ಎಂದಳು ಅವಳ ಅಣ್ಣನ ಹೆಂಡತಿ ಗಿರಿಜಕ್ಕ.

"ಇದಾರಲ್ಲ ಅತ್ತಿಗೆ, ಬೇಕಾದಷ್ಟು. ನನಗೆ ಮಾತಾಡೋ ಕೈ ಬೇಡ. ಕೆಲಸ ಮಾಡೋ ಕೈ ಬೇಕು."

"ಅವಳಿಗೆ ಸೆರಗು ಹಿಡಿಯೋಕೆ ಬರುತ್ತಾ?"

"ನಿಮಗಿಂತ ಚೆನ್ನಾಗಿ ಬರುತ್ತೆ. ಕೈ ತೋರ್ಸೇ ದೇವೀರಿ."

ನಾನು ತೋರಿಸಿದೆ. ಅಂಬುಜಕ್ಕ ನನ್ನ ಎರಡೂ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಯಾರೂ ಹಾಗೆ ಮಾಡಿರಲಿಲ್ಲ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅವ್ವನಿಗೆ ಹೇಳಿದರೆ ಅವಳು ಸೊಪ್ಪು ಬಿಡಿಸುತ್ತಲೇ, "ಹುಷಾರಾಗಿರು. ಕೇಳಿದ್ದೆಲ್ಲ ತಂದುಕೊಡೋಕೆ ಹೋಗ್ಬೇಡ," ಎಂದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಂಬುಜಕ್ಕನಿಗೆ ತಲೆ ಬಾಚುತ್ತಿದ್ದೆ. ಮದರಂಗಿ ಚೆನ್ನಾಗಿ ಹಿಡಿದಿತ್ತು. ಎರಡೂ ಕೈಗಳನ್ನು ಹೂವಿನ ಹಾಗೆ ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದಳು. "ಅಜ್ಜಿ ಮಂಚದ ಕೆಳಗೆ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಒಂದು ಗಂಟಿದೆ ಕಣೇ. ಕೆಂಪಂಚಿನ ಬಿಳಿ ಬಟ್ಟೆ. ಅಮ್ಮನ ಹಳೇ ರವಿಕೆಗಳು. ತಂದು ನನ್ನ ಟ್ರಂಕಿನ ತಳದಲ್ಲಿಡು. ನಾನು ಮುಟ್ಟೋ ಹಾಗಿಲ್ಲವಲ್ಲ," ಎಂದಳು. ಅವಳ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ಅವಳ ಅಜ್ಜಿ ಹೊನ್ನಜ್ಜಿ ಸ್ನಾನಕ್ಕೆ ಹೋಗಿದ್ದರು. ನಾನು ಹೋಗಿ ತಂದೆ. ನಡುಮನೆಯಲ್ಲಿ ಕೂತವರೆಲ್ಲ ನೋಡಿದರು, ಬೆಳ್ಳನೆಯ ಕೈಯಲ್ಲಿ ಗಂಟು ಹಿಡಿದ ಕೈಗೆಳತಿಯನ್ನು ಯಾರು ತಡೆಯುತ್ತಾರೆ. ರವಿಕೆಗಳ ಗಂಟಿಗಿಂತ ಅದು ಭಾರವಾಗಿತ್ತು. ಬೆಳ್ಳಿಯ ಕೊಕ್ಕೆಗಳಿರಬಹುದು ಎಂದು ನಾನೇ ಸಮಾಧಾನ ಮಾಡಿಕೊಂಡು ಇಟ್ಟೆ. ಮದುವೆಯ ದಿನ ಬೆಳಿಗ್ಗೆಯೇ ಟ್ರಂಕು ಕೆರೆಯಾಚೆಯ ಗಂಡಿನ ಮನೆಗೆ ವ್ಯಾನಿನಲ್ಲಿ ಹೋಯಿತು.

ಆ ಮಧ್ಯಾಹ್ನ ಹೊನ್ನಜ್ಜಿ ತಮ್ಮ ಡಾಬನ್ನು ಗಿರಿಜಕ್ಕನ ಸೊಂಟಕ್ಕೆ ಕಟ್ಟುವವರಿದ್ದರು. ಮನೆಯ ಮಗಳು ಹೋಗುವ ದಿನ ಸೊಸೆಯ ಸೊಂಟಕ್ಕೆ ಬಂಗಾರದ ಪಟ್ಟಿ ಕಟ್ಟುವುದು ಆ ಮನೆಯ ಪದ್ಧತಿ. ಗಿರಿಜಕ್ಕ ಹಸಿರು ಸೀರೆಯುಟ್ಟು ಕಾಯುತ್ತಿದ್ದಳು. ಪೆಟ್ಟಿಗೆ ತಂದು ತೆಗೆದರು. ಹೊನ್ನಜ್ಜಿ ಕೈಯಾಡಿಸಿದರು. ಮತ್ತೆ ಆಡಿಸಿದರು.

"ಇಲ್ಲ," ಎಂದರು.

ಯಾರೂ ಗದ್ದಲ ಮಾಡಲಿಲ್ಲ. ನಮ್ಮೂರಿನಲ್ಲಿ ಇಂಥದಕ್ಕೆ ಗದ್ದಲ ಮಾಡುವ ಅಭ್ಯಾಸವಿಲ್ಲ. ಅಂಬುಜಕ್ಕನ ಸೋದರಮಾವ ಶಿವಲಿಂಗಪ್ಪನವರು ಎಲೆಯ ಮುಂದಿನಿಂದ ಎದ್ದು, "ಎಲ್ಲರೂ ಒಂದ್ಸಲ ಕೈ ಎತ್ರಪ್ಪ. ಊಟ ಆಮೇಲೆ," ಎಂದರು. ಎಲ್ಲರ ಕೈ ಮೇಲಕ್ಕೆ ಹೋಯಿತು. ಅನ್ನದ ಕೈ, ಪಾಯಸದ ಕೈ, ಮಗುವಿನ ಕೈಯನ್ನು ಎತ್ತಿ ಹಿಡಿದ ತಾಯಿಯ ಕೈ.

"ನನ್ನದು ಸಾರಿನ ಕೈ, ತೊಳೆದು ತೋರಿಸ್ತೀನಿ ಬುದ್ಧಿ," ಎಂದ ಅಡುಗೆಯವನು.

"ನಿನ್ನ ಸಾರಿಗೆ ಅಷ್ಟು ಬಣ್ಣ ಎಲ್ಲಿದೆಯಪ್ಪ, ಎತ್ತು," ಎಂದರು ಯಾರೋ. ಜನ ನಕ್ಕರು.

ನಾನೂ ಎತ್ತಿದೆ. ನನ್ನ ಕೈ ಬೆಳ್ಳಗಿತ್ತು. ಶಿವಲಿಂಗಪ್ಪನವರ ಕಣ್ಣು ನನ್ನ ಕೈ ದಾಟಿ ಮುಂದೆ ಹೋಯಿತು. ಆಗ ಹೊನ್ನಜ್ಜಿ ಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಯಾರಿಗೋ ಹೇಳುತ್ತಿರುವುದು ಕೇಳಿತು: "ನನ್ನ ಧಾರೆ ಬಟ್ಟೇಲಿ ಸುತ್ತಿಟ್ಟಿದ್ದೆ ಕಣವ್ವ. ಕೆಂಪಂಚಿನ ಬಿಳಿ ಬಟ್ಟೆ."

ನಾನು ಹಸೆಯ ಮೇಲೆ ಕೂತಿದ್ದ ಅಂಬುಜಕ್ಕನ ಕಡೆ ನೋಡಿದೆ. ಅವಳು ಮೊದಲಿನಿಂದಲೂ ನನ್ನನ್ನೇ ನೋಡುತ್ತಿದ್ದಳು. ಹೇಳಲೆಂದು ಬಾಯಿ ತೆರೆದವಳು, ಮೊದಲು ಅವಳನ್ನು ಕೇಳೋಣ ಎಂದುಕೊಂಡು ಮುಚ್ಚಿದೆ. ಅಷ್ಟೇ ಸಾಕಾಯಿತು. ಅಂಗೈ ಬಿಸಿಯಾಯಿತು.

ಎದುರಿಗೆ ಸ್ಟೂಲಿನ ಮೇಲೆ ಆರತಿಯ ತಟ್ಟೆಯಿತ್ತು, ಅರಿಸಿನಕ್ಕೆ ಸುಣ್ಣ ಕದಡಿದ ಕೆಂಪು ನೀರು. ನಾನು ಯೋಚನೆ ಮಾಡಲಿಲ್ಲ. ಕೈ ಇಳಿಸುವಾಗ ತಟ್ಟೆಗೆ ತಾಗಿಸಿ ಎರಡೂ ಅಂಗೈಯನ್ನು ಅದರಲ್ಲಿ ಊರಿಬಿಟ್ಟೆ. ನೀರು ಚೆಲ್ಲಿ ಸೀರೆಯೆಲ್ಲ ಕೆಂಪಾಯಿತು. "ಅಯ್ಯೋ ಇದರ ಕೈ ಸುಡ್ಲಿ, ಆರತಿ ನೀರು," ಎಂದು ಒಬ್ಬಳು ತಲೆ ಚಚ್ಚಿಕೊಂಡಳು. "ಹೋಗು, ತೊಳ್ಕೊಂಡು ಬಂದು ಇನ್ನೊಂದ್ಸಲ ತೋರ್ಸು," ಎಂದಳು ಗಿರಿಜಕ್ಕ. ಅವಳ ದನಿ ಗಡುಸಾಗಿತ್ತು. ಆ ಕ್ಷಣದಲ್ಲಿ ನನಗೆ ನನ್ನ ಮೇಲೇ ದಿಗಿಲಾಯಿತು. ಇಷ್ಟು ಬೇಗ ಮುಚ್ಚಿಡುವುದು ನನಗೆ ಯಾರು ಕಲಿಸಿದ್ದರು?

ಅಂಬುಜಕ್ಕ ತಲೆ ಸುತ್ತುತ್ತಿದೆ ಎಂದು ಎದ್ದಳು. ಕೈಗೆಳತಿ ಜೊತೆಗೆ ಹೋಗಲೇಬೇಕು. ಒಳಕೋಣೆಗೆ ಹೋಗಿ ನಾನು ಭುಜದಿಂದ ಬಾಗಿಲು ಮುಚ್ಚಿ, ಸೀರೆಗೆ ಕೈ ಒರೆಸಿ ಅವಳ ಮುಂದೆ ಹಿಡಿದೆ. ಅರಿಸಿನ ಹೋಗಿತ್ತು. ಕೆಂಪು ಬೆರಳ ಬುಡದವರೆಗೆ ಬಂದಿತ್ತು.

"ಗೊತ್ತಾಯ್ತಾ ನಿನಗೆ?" ಎಂದಳು. "ಛೆ. ಇನ್ನೊಂದು ಗಂಟೆ ಗೊತ್ತಾಗದೆ ಇದ್ದಿದ್ರೆ ನಾನು ಹೋಗಿರ್ತಿದ್ದೆ. ಅಜ್ಜಿಗೆ ಬಟ್ಟೆ ಸುದ್ದಿ ಯಾಕೆ ಬೇಕಿತ್ತು."

"ನನಗೆ ರವಿಕೆ ಅಂದ್ರಿ ಅಂಬುಜಕ್ಕ."

"ಇನ್ನೇನನ್ಲಿ? ಹೇಳಿದ್ರೆ ನೀನು ಗಂಟು ಎತ್ತಿದ ಕೂಡಲೇ ಕೈ ಕೆಂಪಾಗ್ತಿತ್ತು. ನಿನ್ನ ಒಳ್ಳೇದಕ್ಕೇ ಹೇಳ್ಲಿಲ್ಲ." ಅವಳು ಮಂಚದ ಅಂಚಿಗೆ ಕೂತಳು. ಕೈಗಳನ್ನು ಮಾತ್ರ ಅಭ್ಯಾಸಬಲದಿಂದ ಮಡಿಲಲ್ಲಿ ತೆರೆದಿಟ್ಟಳು. "ವರ್ಷದಿಂದ ಯೋಚನೆ ಮಾಡಿದೀನಿ ಕಣೇ. ಚಿಕ್ಕಪ್ಪನ ಮಗಳು ಲಲಿತ ಬಾಯಿಬಡುಕಿ. ಅತ್ತೆ ಮಗಳು ಒಂದು ಚೊಂಬು ತಾ ಅಂದ್ರೆ ಯಾಕೆ, ಯಾರಿಗೆ, ಎಷ್ಟೊತ್ತಿಗೆ ಅಂತಾಳೆ. ನೀನು ಒಂದು ದಿನವಾದ್ರೂ ಯಾಕೆ ಅಂದಿದೀಯಾ? ಎಲ್ಲಾ ನೋಡ್ತೀಯ. ಏನೂ ಕೇಳಲ್ಲ. ಇಂಥ ಕೆಲಸಕ್ಕೆ ಜೊತೆ ಅಂದ್ರೆ ಹೀಗಿರ್ಬೇಕು. ಏನೂ ಗೊತ್ತಿರಬಾರದು, ಕೈ ಮಾತ್ರ ಬೆಳ್ಳಗಿರ್ಬೇಕು."

ಕೆನ್ನೆಗೆ ಒತ್ತಿಕೊಂಡದ್ದು ನೆನಪಾಯಿತು. ಕಾಲ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ನೋಡುವ ಹಾಗೆ ನಾನು ಹೆಬ್ಬೆರಳು ಒತ್ತಿ ನಿಂತೆ.

"ಅದು ಅಮ್ಮನ ಸೊಂಟದ ಮೇಲಿತ್ತು," ಎಂದಳು ಅಂಬುಜಕ್ಕ. "ಅವಳನ್ನ ಹೊರಗೆ ಮಲಗಿಸಿದ ದಿನ ಅಜ್ಜಿನೇ ಬಿಚ್ಚಿಕೊಂಡ್ರು. ನಾನು ಅಲ್ಲೇ ನಿಂತು ನೋಡಿದೀನಿ. ಅದು ನನ್ನದು ದೇವೀರಿ. ನಿನ್ನೆ ಮೊನ್ನೆ ಬಂದ ಗಿರಿಜಂದಲ್ಲ."

"ನಿಮ್ಮದಾಗಿದ್ರೆ ಇದು ಹೀಗಾಗ್ತಿರಲಿಲ್ಲ," ಎಂದು ನಾನು ಕೈಯನ್ನು ಇನ್ನಷ್ಟು ಹತ್ತಿರ ಹಿಡಿದೆ.

ಅವಳು ನನ್ನ ಅಂಗೈ ನೋಡಿ, ಆಮೇಲೆ ತನ್ನ ಅಂಗೈ ನೋಡಿಕೊಂಡಳು. ಅಲ್ಲಿ ನಾನೇ ಬಿಡಿಸಿದ ಬಳ್ಳಿ, ಮಾವಿನಕಾಯಿ, ನವಿಲು. ಅದರಡಿ ಏನಿದೆಯೆಂದು ಅವಳಿಗೂ ತಿಳಿಯುವ ಹಾಗಿರಲಿಲ್ಲ.

"ಅದಕ್ಕೇ ಮದುವೇಲಿ ಮಾಡಿದ್ದು," ಎಂದಳು ಮೆಲ್ಲಗೆ. "ನನ್ನ ಕೈ ನನಗೇ ಹೇಳಬಾರದು ಅಂತ."

ಹೊರಗಿನಿಂದ ಗಿರಿಜಕ್ಕ ಕರೆಯುತ್ತಿದ್ದಳು. ಅಂಬುಜಕ್ಕ ಎದ್ದು ಹಿತ್ತಲ ಬಾಗಿಲ ಕಡೆ ಗದ್ದ ತೋರಿಸಿದಳು. "ಮನೆಗೆ ಹೋಗು. ನಿಮ್ಮವ್ವನ ಒರಳಲ್ಲಿ ಸೊಪ್ಪಿರುತ್ತೆ. ಕೈ ಅದ್ದಿಬಿಡು. ಅವ್ವಂಗೆ ಮೈ ಹುಷಾರಿಲ್ಲ, ನಾನೇ ಅರೆದೆ ಅನ್ನು. ಮದರಂಗಿಯವರ ಕೈ ಯಾರು ಕೇಳ್ತಾರೆ?"

ನಾನು ಸೆರಗಿನಲ್ಲಿ ಕೈ ಸುತ್ತಿಕೊಂಡು ಹಿತ್ತಲಿನಿಂದ ಓಡಿದೆ. ದಾರಿಯಲ್ಲಿ ಮಡಕೆ ಮಾರುವ ಮುದುಕಿ "ಕೈ ಹೇಗಿದೆಯವ್ವ?" ಎಂದಳು. "ಹುಟ್ಟಿದಾಗಿನ ಹಾಗಿದೆ," ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅದೇ ಮೊದಲು.

ಅವ್ವ ಒರಳ ಮುಂದೆ ಕೂತಿದ್ದಳು. ನಾನು ಸೆರಗು ಬಿಚ್ಚಿದೆ. ಅವಳು ಕಿರುಚುತ್ತಾಳೆ, ಹೊಡೆಯುತ್ತಾಳೆ, ಕದ್ದೆಯಾ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಬೆಳಕಿಗೆ ತಿರುಗಿಸಿ, ವೈದ್ಯರು ನೋಡುವ ಹಾಗೆ ನೋಡಿದಳು. ಅವಳು ಕೇಳಿದ ಮೊದಲ ಮಾತು: "ವಸ್ತು ಯಾರದೋ, ಅವರು ಬದುಕಿದಾರಾ?"

"ಹೊನ್ನಜ್ಜಿದು ಅವ್ವಾ."

"ಹಾಗಾದ್ರೆ ಸರಿ. ಇನ್ನೂ ಹೊತ್ತಿದೆ."

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಲೇ ಒರಳಿಗೆ ಕೈ ಹಾಕಿದೆ. ಹಸಿರು ಮುದ್ದೆ ತಣ್ಣಗಿತ್ತು. ಅವ್ವ ನನ್ನ ಕೈಯನ್ನು ಕಿತ್ತು ಎಳೆದಳು, ಬಳೆ ಒಡೆಯುವಷ್ಟು ಜೋರಾಗಿ. ಚೊಂಬಿನ ನೀರು ಸುರಿದು ಉಜ್ಜಿದಳು.

"ಇದರೊಳಗೆ ಇಟ್ರೆ ಮುಗೀತು. ಗುರುತೇ ಸಿಗಲ್ಲ. ಆ ಕೆಂಪು ನಡುವಿನಿಂದ ಶುರುವಾಗುತ್ತೆ, ಇದು ಬೆರಳ ತುದಿಯಿಂದ ಹಿಡಿಯುತ್ತೆ. ಎರಡೂ ಕೂಡಿಕೊಂಡ ಮೇಲೆ ಯಾವುದು ಯಾವುದು ಅಂತ ನಿನಗೂ ಮರೆತುಹೋಗುತ್ತೆ. ಆಮೇಲೆ ತೋರಿಸೋಣ ಅಂದ್ರೂ ಆಗಲ್ಲ. ನಾಲ್ಕು ದಿನ ಕೂರ್ತೀನಿ, ಆಮೇಲೆ ಹೋಗಿ ಹೇಳ್ತೀನಿ ಅಂತ ನಾನೂ ಅಂದ್ಕೊಂಡೇ ಈ ಕಲ್ಲಿನ ಮುಂದೆ ಕೂತಿದ್ದು." ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿನಗೆಷ್ಟು ವಯಸ್ಸೋ, ಈ ಕಲ್ಲಿಗೂ ಅಷ್ಟೇ ವಯಸ್ಸು."

ನೀರು ನನ್ನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅವಳ ಕೈ ನನ್ನ ಕೈ ಎರಡೂ ಒಂದೇ ಬಣ್ಣವಾಗಿದ್ದವು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಊರಿನ ಮನೆಮನೆಯನ್ನೂ ನೋಡಿದವಳು ಈ ಕೈಯನ್ನು ಒಂದು ದಿನವೂ ನೋಡಿರಲಿಲ್ಲ ಅನಿಸಿತು.

"ಅವ್ವಾ," ಎಂದೆ. "ನೀನು ಏನು ತಗೊಂಡಿದ್ದೆ?"

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಹಣೆ ನೋಡಿದಳು, ಕಣ್ಣು ನೋಡಿದಳು, ಕಿವಿಯ ಹತ್ತಿರ ಅಂಟಿಕೊಂಡಿದ್ದ ಕೂದಲನ್ನು ನೋಡಿದಳು. ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಮರುಗಳಿಗೆ, ಅವಳು ನೋಡುತ್ತಿರುವುದೇ ಆ ವಸ್ತು ಎಂದು ಹೊಳೆಯಿತು.

"ನನ್ನ ಕೂಸು ಆ ವಾರವೇ ಹೋಗಿತ್ತು," ಎಂದಳು ಅವ್ವ. "ಒಬ್ಬಳೇ ಹೆತ್ತೆ, ಒಬ್ಬಳೇ ಮಣ್ಣು ಮಾಡಿದೆ. ಯಾರಿಗೂ ಹೇಳಿರಲಿಲ್ಲ. ಎದೇಲಿ ಹಾಲಿತ್ತು. ಒಂದು ಮನೆಯಿಂದ ಹೆರಿಗೆಗೆ ಕರೆ ಬಂತು. ಆ ತಾಯಿಗೆ ಜ್ಞಾನ ಇರಲಿಲ್ಲ. ಎದ್ದ ಮೇಲೆ, ಉಳೀಲಿಲ್ಲ ಕಣವ್ವ ಅಂದೆ. ಮಡಿಲಲ್ಲಿ ಮುಚ್ಚಿಕೊಂಡು ಬಂದೆ. ನೀನು ಅಳಲೇ ಇಲ್ಲ. ದಾರಿ ಉದ್ದಕ್ಕೂ ಸುಮ್ಮನೆ ನನ್ನನ್ನೇ ನೋಡ್ತಾ ಇದ್ದೆ."

ಏನೂ ಗೊತ್ತಿರಬಾರದು, ಕೈ ಮಾತ್ರ ಬೆಳ್ಳಗಿರಬೇಕು. ಅಂಬುಜಕ್ಕ ನನ್ನನ್ನು ಆರಿಸಿದ್ದಕ್ಕೆ ಹೆಮ್ಮೆ ಪಟ್ಟಿದ್ದೆನಲ್ಲ. ಹುಟ್ಟಿದ ದಿನವೇ ಅಳದೆ ಮಡಿಲಲ್ಲಿ ಬಂದವಳು, ಆ ಕೆಲಸಕ್ಕೆ ನಾನು ಹೊಸಬಳಾಗಿರಲಿಲ್ಲ.

"ಅವಳು ಇದಾಳಾ?" ಎಂದು ಕೇಳಿದೆ.

"ಇದಾಳೆ. ಸಂತೆಯಲ್ಲಿ ಎದುರಾಗ್ತಾಳೆ. ಕೈ ಹೇಗಿದೆ ಚೌಡಮ್ಮ ಅಂತಾಳೆ." ಅವ್ವ ನನ್ನ ಕೈಯನ್ನು ಸೀರೆಯ ಒಣ ಭಾಗದಿಂದ ಒರೆಸಿದಳು. "ನನ್ನ ವಿಷಯ ಸಂಜೆಗಿರಲಿ. ಮೊದಲು ನೀನು ಹೋಗು. ಮುಚ್ಚಿಕೊಂಡು ಹೋಗ್ಬೇಡ. ತೆರೆದುಕೊಂಡೇ ಹೋಗು."

ನಾನು ಹೋದೆ. ಹೇಗೆ ಹೋದೆನೆಂದು ಸರಿಯಾಗಿ ನೆನಪಿಲ್ಲ. ಬೀದಿಯಲ್ಲಿ ಜನ ಮಾತು ನಿಲ್ಲಿಸಿದ್ದು, ಒಬ್ಬಳು ಮಗುವನ್ನು ಒಳಗೆ ಎಳೆದುಕೊಂಡದ್ದು ನೆನಪಿದೆ. ಕೆಂಪು ಕೈಯನ್ನು ಹಗಲು ಹೊತ್ತಿನಲ್ಲಿ ತೆರೆದಿಟ್ಟುಕೊಂಡು ನಡೆದವರನ್ನು ನಮ್ಮೂರು ನೋಡಿರಲಿಲ್ಲ. ಗಾಣದ ಮನೆಯ ಹೊಸಿಲಲ್ಲಿ ನಿಂತು ಎರಡೂ ಕೈ ಎತ್ತಿದೆ. ವಾಲಗದವರು ತಾವಾಗಿಯೇ ನಿಲ್ಲಿಸಿದರು.

"ಡಾಬು ಅಂಬುಜಕ್ಕನ ಟ್ರಂಕಿನ ತಳದಲ್ಲಿದೆ. ನಾನೇ ಇಟ್ಟೆ," ಎಂದೆ.

"ಯಾರು ಇಡು ಅಂದ್ರು?" ಎಂದು ಕೇಳಿದರು ಶಿವಲಿಂಗಪ್ಪನವರು.

ನಾನು ಅಂಬುಜಕ್ಕನನ್ನು ನೋಡಿದೆ. ಅವಳೇ ಹೇಳಲಿ ಎಂದು ಕಾದೆ. ಗಂಡ ಪಕ್ಕದಲ್ಲಿ ಕೂತಿದ್ದ. ಅತ್ತೆ ಮಾವ ಹಿಂದೆ ನಿಂತಿದ್ದರು. ಅಂಬುಜಕ್ಕ ಎಲ್ಲರಿಗೂ ಕೇಳುವ ಹಾಗೆ, ಅಳು ಬೆರೆಸಿ, "ನಾನು ಅಮ್ಮನ ರವಿಕೆ ತಾ ಅಂದಿದ್ದೆ ಅಷ್ಟೇ. ನನ್ನ ಕೈಯೇ ನನಗೆ ಹೀಗೆ ಮಾಡ್ತಲ್ಲ," ಎಂದಳು.

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ರವಿಕೆ ಎಂದೇ ಹೇಳಿದ್ದಳು. ಹೆಂಗಸರು ಅವಳನ್ನು ತಬ್ಬಿಕೊಂಡು ಸಮಾಧಾನ ಮಾಡಿದರು. ಮದರಂಗಿಯ ಕೈಯನ್ನು ಯಾರೂ ನೋಡಲಿಲ್ಲ. ನೋಡುವುದಾದರೂ ಏನನ್ನು?

ಗಂಡಿನ ತಮ್ಮ ವ್ಯಾನಿನಲ್ಲಿ ಹೋಗಿ ಗಂಟು ತಂದ. ಅಷ್ಟು ಹೊತ್ತೂ ನಾನು ಹೊಸಿಲ ಹೊರಗೆ, ಶಾಲೆಯ ಬಾಗಿಲಲ್ಲಿ ನಿಂತ ಹಾಗೆಯೇ ನಿಂತಿದ್ದೆ. ಹೊನ್ನಜ್ಜಿ ಬಟ್ಟೆ ಬಿಚ್ಚಿ ಡಾಬನ್ನು ಕೈಗೆ ತೆಗೆದುಕೊಂಡರು. ಎಲ್ಲರೂ ನನ್ನ ಅಂಗೈಯನ್ನೇ ನೋಡುತ್ತಿದ್ದರು. ಕೆಂಪು ಅಂಚಿನಿಂದ ಒಳಕ್ಕೆ ಸರಿಯುತ್ತ ಬಂದು, ಬೊಟ್ಟಿನಷ್ಟಾಗಿ, ಹೋಯಿತು.

"ಕೊಟ್ಟುಬಿಟ್ಟಳಲ್ಲ. ಹೋಗ್ಲಿ ಬಿಡಿ," ಎಂದರು ಶಿವಲಿಂಗಪ್ಪನವರು.

"ಹೋಗ್ಲಿ, ಆದ್ರೆ ಇನ್ನು ಮೇಲೆ ಒಳಗೆ ಬರೋದು ಬೇಡ," ಎಂದಳು ಗಿರಿಜಕ್ಕ. "ಎಷ್ಟಾದ್ರೂ ಮದರಂಗಿಯವರು."

ಒಂದು ಮನೆಯಲ್ಲಿ ಆಡಿದ ಆ ಮಾತು ನಾಳೆ ಎಲ್ಲ ಮನೆಗಳದೂ ಆಗುತ್ತದೆಂದು ನನಗೆ ಗೊತ್ತಿತ್ತು. ನಾನು ತಿರುಗುವಾಗ ಹೊನ್ನಜ್ಜಿ ಮೊಮ್ಮಗಳನ್ನು ದಿಟ್ಟಿಸುತ್ತಿದ್ದರು. ಡಾಬು ಅವರ ಮಡಿಲಲ್ಲಿಯೇ ಇತ್ತು. ಗಿರಿಜಕ್ಕನ ಸೊಂಟಕ್ಕೆ ಇನ್ನೂ ಕಟ್ಟಿರಲಿಲ್ಲ. ಆಮೇಲೆ ಏನಾಯಿತೋ ನಾನು ನೋಡಲಿಲ್ಲ.

ಸಂಜೆಯ ಬಿಸಿಲು ಇನ್ನೂ ಇತ್ತು. ಅವ್ವ ಒರಳನ್ನು ತೊಳೆದು ಬೋರಲು ಹಾಕಿ, ಜಗಲಿಯ ಮೇಲೆ ಕೈ ತೆರೆದಿಟ್ಟುಕೊಂಡು ಕೂತಿದ್ದಳು. ಅವಳು ಹಾಗೆ ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ನನ್ನ ಅಂಗೈ ನೋಡಿ, "ಬೆಳ್ಳಗಾಯ್ತಲ್ಲ," ಎಂದಳು. ಪಕ್ಕದಲ್ಲಿ ನನ್ನ ಎರಡು ಸೀರೆ ಮಡಿಸಿಟ್ಟಿದ್ದಳು.

"ಕೂತ್ಕೊ," ಎಂದಳು. "ಹೆಸರು ಹೇಳ್ತೀನಿ. ಮನೆ ನೀನು ನೋಡಿರೋದೇ. ಆ ಮನೆ ಮಗಳಿಗೆ ನೀನೇ ಮದರಂಗಿ ಹಾಕಿದೀಯ. ನಾನು ಬರಲಾ, ಒಬ್ಬಳೇ ಹೋಗ್ತೀಯಾ?"

ಮದರಂಗಿ ಹಾಕಿದ ಕೈಗಳೆಲ್ಲ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಒಂದು ನನ್ನ ತಂಗಿಯದೋ ಅಕ್ಕನದೋ. ಬಾಗಿಲಲ್ಲಿ ನಿಂತು ಬಣ್ಣ ಚೆನ್ನಾಗಿ ಬಂದಿದೆಯೇ ಎಂದು ನೋಡಿದ ತಾಯಂದಿರೆಲ್ಲ ಬಂದರು. ಅವರಲ್ಲಿ ಒಬ್ಬಳು ನನಗೆ ಕಾಫಿ ಕೊಟ್ಟಿರಬಹುದು, ಕೈ ಹೇಗಿದೆ ಎಂದಿರಬಹುದು. ನಾನು ಎದ್ದು ಹೋದರೆ ಅವ್ವನ ಕೈಯ ಆ ಕೆಂಪು ಈ ಸಂಜೆಯೇ ಇಳಿಯುತ್ತದೆ, ಆಮೇಲೆ ಮದರಂಗಿಯೂ ಮಾಸುತ್ತದೆ. ಬೆಳ್ಳಗಿನ ಕೈಯಲ್ಲಿ ಅವಳು ಈ ಮನೆಯಲ್ಲಿ ಒಬ್ಬಳೇ ಕೂತಿರುತ್ತಾಳೆ. ಆ ಇನ್ನೊಬ್ಬಳ ಬಗ್ಗೆಯೂ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಳಿಯಲಿಲ್ಲ ಎಂದ ಮಾತನ್ನು ಕೇಳಿಕೊಂಡು ಎದೆಗೆ ಬಟ್ಟೆ ಬಿಗಿದು ಮಲಗಿದವಳು.

"ಅವ್ವಾ, ಹೆಸರು ಹೇಳ್ಬೇಡ," ಎಂದೆ.

"ಯೋಚನೆ ಮಾಡಿ ಹೇಳು ದೇವೀರಿ. ಈಗ ನಿನಗೆ ಗೊತ್ತಿದೆ."

"ಗೊತ್ತಿದೆ."

ಅಷ್ಟು ಹೇಳುವುದರೊಳಗೆ ಅಂಗೈಯ ನಡುವೆ ಬಿಸಿಯಾಯಿತು. ಈ ಸಲ ನಾನು ಕೈ ನೋಡಿಕೊಳ್ಳಲಿಲ್ಲ. ಅವ್ವ ನೋಡಿದಳು. ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಸೀರೆಗಳನ್ನು ಎತ್ತಿ ಒಳಗಿಟ್ಟು ಬಂದು, ಒರಳನ್ನು ಮಗುಚಿ ನೆಟ್ಟಗೆ ಮಾಡಿ ನನ್ನತ್ತ ಎಳೆದುಕೊಂಡೆ. ಬುಟ್ಟಿಯಲ್ಲಿ ಉಳಿದಿದ್ದ ಸೊಪ್ಪು ಸುರಿದೆ. ಬೆರಳಿಗೆ ಎಣ್ಣೆ ಸವರಲಿಲ್ಲ, ಬಟ್ಟೆಯನ್ನೂ ಸುತ್ತಲಿಲ್ಲ.

"ನೀರು ಸ್ವಲ್ಪ ಸ್ವಲ್ಪನೇ ಹಾಕು," ಎಂದಳು ಅವ್ವ, ಮತ್ತು ನನ್ನ ಎದುರಿಗೆ ಬಂದು ಕೂತಳು.